ಸ್ಪೂಲ್ ಟೇಪಿಗಿಂತ ಮೊದ್ಲು ಹೋಗ್ತಿರೋದು ಸ್ಟುಡಿಯೋ ಕಂಪ್ಯೂಟರ್ ಫೈಲುಗಳು

ಮಾನ್ಯ ಸಂಪಾದಕರೇ,

ಹಳೇ ಗ್ರಾಮಫೋನ್ ಪ್ಲೇಟು, ಸ್ಪೂಲ್ ಟೇಪು, ಕ್ಯಾಸೆಟ್ಟು ಇವನ್ನೆಲ್ಲ ಡಿಜಿಟಲ್ ಮಾಡಿ ಉಳಿಸ್ಬೇಕು ಅಂತ ಪೇಪರಲ್ಲಿ ಆಗಾಗ ಲೇಖನ ಬರ್ತಿರುತ್ತೆ, ಒಳ್ಳೇದೇ, ಬರ್ಲಿ. ಆದ್ರೆ ಅದಾದ್ಮೇಲೆ ಒಂದು ತಲೆಮಾರಿನ ರೆಕಾರ್ಡಿಂಗ್ ಇದ್ಯಲ್ಲ, ಅಂದಾಜು 1995ರಿಂದ 2008ರ ತನಕ ಸ್ಟುಡಿಯೋಗಳಲ್ಲಿ ಕಂಪ್ಯೂಟರ್ ಮೇಲೇ ಆಗಿದ್ದು, ಅದರ ಬಗ್ಗೆ ಯಾರೂ ಬಾಯಿ ಬಿಡಲ್ಲ. ಅದು ಹೆಂಗೂ ಡಿಜಿಟಲ್ ತಾನೇ, ಎಲ್ಲೋ ಒಂದು ಹಾರ್ಡ್ ಡಿಸ್ಕಲ್ಲಿ ಸೇಫಾಗಿ ಇರುತ್ತೆ ಬಿಡು ಅನ್ನೋ ಧೈರ್ಯ. ನಾನು ರೆಕಾರ್ಡಿಂಗ್ ಸ್ಟುಡಿಯೋ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡ್ಕೊಂಡವನು, ನನ್ನ ಲೆಕ್ಕದಲ್ಲಿ ಆ ಧೈರ್ಯ ಪೂರ್ತಿ ಪೊಳ್ಳು. 1970ರ ಒಂದು ಸ್ಪೂಲ್ ಇವತ್ತು ಅಟ್ಟದ ಮೇಲೆ ಸಿಕ್ಕಿದ್ರೆ, ಬೂಷ್ಟು ಹಿಡಿದಿದ್ರೂ ಪರ್ವಾಗಿಲ್ಲ, ಎಲ್ಲಿಂದಾದ್ರೂ ಒಂದು ಡೆಕ್ ತಂದು ಹಾಕಿದ್ರೆ ಏನೋ ಒಂದು ದನಿ ಬರುತ್ತೆ. 1999ರ ಸೆಷನ್ ಫೋಲ್ಡರ್ (ಒಂದು ಹಾಡಿನ ರೆಕಾರ್ಡಿಂಗ್ ಫೈಲುಗಳೆಲ್ಲ ಇರೋ ಫೋಲ್ಡರ್) ಸಿಕ್ಕಿದ್ರೆ ಅದನ್ನ ತೆಗೆಯೋಕೆ ಆ ಕಾಲದ ಮ್ಯಾಕ್ ಬೇಕು, ಅದರ ಹಳೇ ಓಎಸ್ ಬೇಕು, ಅದೇ ವರ್ಷನ್ ಸಾಫ್ಟ್‌ವೇರ್ ಬೇಕು, ಒಳಗಡೆ ಆ ಕಂಪನಿ ಕಾರ್ಡ್ ಬೇಕು, ಡಾಂಗಲ್ ಅಂದ್ರೆ ಸಾಫ್ಟ್‌ವೇರಿನ ಬೀಗದ ಕೈ ಥರದ ಸಣ್ಣ ತುಂಡು ಬೇಕು, ಡಿಸ್ಕ್ ಓದೋಕೆ ಆ ಕಾಲದ ಸ್ಕಸಿ ಕೇಬಲ್ ಬೇಕು, ಇದ್ರಲ್ಲಿ ಒಂದು ಕೈ ಕೊಟ್ರೂ ಉಳಿದಿದ್ದೆಲ್ಲ ಇದ್ದೂ ಇಲ್ದಂಗೆ.

ಹಾಡು ಸೀಡಿಯಲ್ಲಿದೆ, ಯೂಟ್ಯೂಬಲ್ಲಿದೆ, ಇನ್ನೇನ್ರೀ ನಿಮ್ಮ ತಕರಾರು ಅಂತ ಕೇಳ್ಬಹುದು. ಸೀಡಿಯಲ್ಲಿರೋದು ಮಿಕ್ಸ್ ಆಗಿ ಮುಗಿದ ಎರಡು ಚಾನೆಲ್ ಅಷ್ಟೇ. ಅದರ ಹಿಂದೆ ಹಾಡಿದವರ ವಾಯ್ಸ್ ಬೇರೆ, ತಬಲಾ ಬೇರೆ, ಕೊಳಲು ಬೇರೆ, ವಯೊಲಿನ್ ಸೆಕ್ಷನ್ ಬೇರೆ, ಕೋರಸ್ ಬೇರೆ, ಹಿಂಗೆ ಇಪ್ಪತ್ತು ಮೂವತ್ತು ಟ್ರ್ಯಾಕ್ ಇರ್ತಿತ್ತು. ಬಿಟ್ಟ ಟೇಕುಗಳು, ಕ್ಯಾಸೆಟ್ ಸೈಡಿಗೆ ಹಿಡಿಸ್ಲಿಲ್ಲ ಅಂತ ಕತ್ತರಿಸಿದ ಚರಣ, ಸಿನಿಮಾದ ಬಿಜಿಎಂ ಬಿಟ್‌ಗಳು, ಇವ್ಯಾವೂ ಸೀಡಿಗೆ ಬಂದಿಲ್ಲ. ಈಗ ಕಂಪನಿಗಳು ಹಳೇ ಹಿಟ್ ಹಾಡನ್ನ ಸುತ್ತಮುತ್ತಿಂದ ದನಿ ಬರೋ ಡಾಲ್ಬಿ ಅಟ್ಮಾಸ್‌ನಲ್ಲಿ ಮತ್ತೆ ಬಿಡ್ಬೇಕು ಅಂತಾವೆ, ಅದಕ್ಕೆ ಬೇಕಾಗಿರೋದೇ ಈ ಬಿಡಿ ಟ್ರ್ಯಾಕು. ಆಮೇಲೆ ಒಬ್ಬ ಗಾಯಕರ ಮೈಕ್ ಮುಂದಿನ ಒರಿಜಿನಲ್ ಕಂಠ, ರಿವರ್ಬ್ (ಗುಂಯ್ ಅನ್ನೋ ಪ್ರತಿಧ್ವನಿ) ಇಲ್ದೆ ಏನೂ ಇಲ್ದೆ, ಅದನ್ನ ಕೇಳೋದರಲ್ಲಿ ಒಬ್ಬ ಸಂಗೀತ ಕಲಿಯೋ ಹುಡುಗಿಗೆ ಎಷ್ಟು ಪಾಠ ಇದೆ ಅಂತ ಕೇಳಿದವರಿಗೇ ಗೊತ್ತು.

ಎಐ ಬಂದಿದೆಯಲ್ಲ, ಮಿಕ್ಸ್ ಆದ ಹಾಡಿಂದಾನೇ ವಾಯ್ಸ್ ಬೇರೆ ಮಾಡಿ ಕೊಡುತ್ತೆ ಅಂತ ಈಗಿನ ಹುಡುಗರು ಹೇಳ್ತಾರೆ. ಕೊಡುತ್ತೆ, ನಾನೂ ಬಳಸ್ತೀನಿ, ಕರೋಕೆ ಮಾಡೋಕೆ ಬೇಜಾನಾಯ್ತು. ಆದ್ರೆ ವಾಯ್ಸ್ ಜೊತೆಗೆ ಅಂಟ್ಕೊಂಡಿರೋ ರಿವರ್ಬ್, ಒಂದೇ ಸ್ವರದಲ್ಲಿ ಹೋಗೋ ಕೊಳಲಿನ ನೆರಳು, ಮೃದಂಗದ ಏಟು ಬಿದ್ದ ಕಡೆ ಕಂಠದಲ್ಲಿ ಆಗೋ ಸಣ್ಣ ತೂತು, ಅದೆಲ್ಲ ಒಳ್ಳೇ ಹೆಡ್‌ಫೋನ್ ಹಾಕಿದ್ರೆ ಕಾಣುತ್ತೆ. ಒರಿಜಿನಲ್ ಟ್ರ್ಯಾಕ್ ಡಿಸ್ಕಲ್ಲಿ ಕೂತಿರೋವಾಗ ಅಂದಾಜಿನ ನಕಲು ಯಾಕೆ ಮಾಡ್ಬೇಕು ಅನ್ನೋದು ನನ್ನ ಪ್ರಶ್ನೆ.

ಈಗ ಫೈಲ್ ವಿಷಯಕ್ಕೆ ಬರ್ತೀನಿ. ಪ್ರೋ ಟೂಲ್ಸ್ ಅನ್ನೋ ಸಾಫ್ಟ್‌ವೇರ್ 1991ರಲ್ಲಿ ಬಂತು, ಡಿಜಿಡಿಸೈನ್ ಅನ್ನೋ ಅಮೆರಿಕಾ ಕಂಪನಿದು, 1995ರಲ್ಲಿ ಅದನ್ನ ಎವಿಡ್ ಕೊಂಡ್ಕೊಳ್ತು. ಮ್ಯಾಕ್ ಮೇಲೆ ಪ್ರೋ ಟೂಲ್ಸ್ ಇಟ್ಕೊಂಡಿದ್ದ ಸ್ಟುಡಿಯೋಗಳು ಬಹಳ ವರ್ಷ ಆಡಿಯೋನ ಉಳಿಸ್ತಿದ್ದಿದ್ದು ಸೌಂಡ್ ಡಿಸೈನರ್ ಟೂ ಅನ್ನೋ ಅವರದ್ದೇ ಫಾರ್ಮ್ಯಾಟಲ್ಲಿ, ನಾವು ಎಸ್‌ಡಿಟೂ ಅಂತಿದ್ವಿ. ಈ ಫಾರ್ಮ್ಯಾಟಿನ ಒಂದು ಕೆಟ್ಟ ಗುಣ ಏನಂದ್ರೆ ಒಂದು ಫೈಲಿಗೆ ಎರಡು ಭಾಗ. ಒಂದು ಭಾಗದಲ್ಲಿ ಬರೀ ದನಿಯ ಅಂಕಿಗಳು, ತಲೆಬುಡ ಇಲ್ದಂಗೆ ಸಾಲಾಗಿ. ಇನ್ನೊಂದು ಭಾಗಕ್ಕೆ ರಿಸೋರ್ಸ್ ಫೋರ್ಕ್ ಅಂತಾರೆ, ಅದು ಹಳೇ ಮ್ಯಾಕಿನ ವಿಶೇಷ, ಸ್ಯಾಂಪಲ್ ರೇಟ್ ಅಂದ್ರೆ ಸೆಕೆಂಡಿಗೆ ಎಷ್ಟು ಸಲ ದನಿ ಅಳೆದಿದ್ದು, ಒಂದೊಂದು ಅಳತೆ 16 ಬಿಟ್ಟಾ 24 ಬಿಟ್ಟಾ, ಮೋನೋನಾ ಸ್ಟೀರಿಯೋನಾ, ಈ ತುಂಡು ಹಾಡಿನ ಎಷ್ಟನೇ ಸೆಕೆಂಡಲ್ಲಿ ಕೂರ್ಬೇಕು, ಎಲ್ಲಾ ಅದರಲ್ಲಿ. ಮ್ಯಾಕಿಂದ ಮ್ಯಾಕಿಗೆ ಕಾಪಿ ಮಾಡಿದ್ರೆ ಎರಡೂ ಜೊತೆಗೆ ಹೋಗುತ್ತೆ. ಯಾರೋ ಒಬ್ಬರು ಒಂದಿನ ಬ್ಯಾಕಪ್ ತಗೋತೀನಿ ಅಂತ ವಿಂಡೋಸ್ ಡಿಸ್ಕಿಗೆ ಹಾಕಿದ್ರೆ ಆ ಎರಡನೇ ಭಾಗ ಸದ್ದಿಲ್ದೆ ಉದುರಿ ಹೋಗುತ್ತೆ, ಉಳಿಯೋದು ಲೇಬಲ್ ಕಿತ್ತ ಹಿಟ್ಟಿನ ಡಬ್ಬಿ, ಅಕ್ಕಿಹಿಟ್ಟೋ ಮೈದಾನೋ ಕೈ ಹಾಕಿ ನೋಡ್ಬೇಕು. ಆಮೇಲಿನ ಮ್ಯಾಕ್ ಓಎಸ್‌ನವರು ಸ್ವಲ್ಪ ಬುದ್ಧಿವಂತಿಕೆ ಮಾಡಿ ಪೆನ್‌ಡ್ರೈವಿಗೆ ಕಾಪಿ ಆದಾಗ ಚುಕ್ಕಿ-ಅಂಡರ್‌ಸ್ಕೋರಿಂದ ಶುರುವಾಗೋ ಇನ್ನೊಂದು ಸಣ್ಣ ಫೈಲಲ್ಲಿ ಆ ಮಾಹಿತಿ ಇಡ್ತಾರೆ, ಆದ್ರೆ ನಮ್ಮವರು ಏನ್ ಮಾಡ್ತಾರೆ, ಅದು ವೈರಸ್ಸೋ ಕಸಾನೋ ಅಂತ ಮೊದಲು ಅದನ್ನೇ ಸೆಲೆಕ್ಟ್ ಆಲ್ ಮಾಡಿ ಡಿಲೀಟ್ ಹೊಡೀತಾರೆ.

ಇಂಥ ಒಂದು ಕೇಸು ನನ್ನ ಹತ್ರ ಬಂದಿತ್ತು. ಸುಗಮ ಸಂಗೀತ ಹಾಡ್ತಿದ್ದ ಒಬ್ಬ ಹಿರಿಯರು ತೀರ್ಕೊಂಡ್ಮೇಲೆ ಅವರ ಮಗ ಒಂದು ಪೆನ್‌ಡ್ರೈವ್ ತಂದ್ರು, ರೆಕಾರ್ಡ್ ಮಾಡಿದ ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷ ಆಗಿದೆ, ಮುಚ್ಚೋವಾಗ ಯಾರೋ ಪುಣ್ಯಾತ್ಮರು ಫೋಲ್ಡರ್ ಕಾಪಿ ಮಾಡಿ ಕೊಟ್ಟಿದ್ರಂತೆ. ಹೋದ ಕಡೆಯೆಲ್ಲ ಇದು ಕರಪ್ಟ್ ಆಗಿದೆ ಸರ್, ಏನೂ ಬರಲ್ಲ ಅಂತ ವಾಪಸ್ ಕಳಿಸಿದ್ದಾರೆ. ತೆಗೆದು ನೋಡಿದ್ರೆ ಫೈಲುಗಳ ಸೈಜ್ ಸರಿಯಾಗೇ ಇದೆ, ಹೆಸರಿನ ಕೊನೇಲಿ ಕೆಲವಕ್ಕೆ ಚುಕ್ಕಿ ಎಲ್, ಚುಕ್ಕಿ ಆರ್ ಅಂತಿದೆ, ಅಂದ್ರೆ ಪ್ರೋ ಟೂಲ್ಸ್ ಸ್ಟೀರಿಯೋ ಟ್ರ್ಯಾಕನ್ನ ಎಡ ಬಲ ಅಂತ ಎರಡು ಮೋನೋ ಫೈಲ್ ಮಾಡಿ ಇಡ್ತಿದ್ದ ಗುರುತು. ದನಿ ಎಲ್ಲೂ ಹೋಗಿಲ್ಲ, ಲೇಬಲ್ ಹೋಗಿದೆ ಅಷ್ಟೇ.

ಇಂಥದ್ದಕ್ಕೆ ಲೆಕ್ಕ ಮಾಡೋದು ಹೆಂಗೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾರಿಗಾದ್ರೂ ಉಪಯೋಗ ಆಗ್ಬಹುದು. ಮೋನೋ ಫೈಲ್ 16 ಬಿಟ್ 44.1 ಕಿಲೋಹರ್ಟ್ಸ್ ಆಗಿದ್ರೆ ಒಂದು ಸೆಕೆಂಡಿಗೆ 88,200 ಬೈಟ್, 16 ಬಿಟ್ 48 ಆದ್ರೆ 96,000, 24 ಬಿಟ್ 44.1 ಆದ್ರೆ 1,32,300, 24 ಬಿಟ್ 48 ಆದ್ರೆ 1,44,000. ಈಗ ಸೀಡಿ ಕವರ್ ಮೇಲೆ ಹಾಡು 4 ನಿಮಿಷ 50 ಸೆಕೆಂಡ್ ಅಂತಿದೆ, ಪೂರ್ತಿ ಹಾಡಿನ ಟ್ರ್ಯಾಕ್ ಫೈಲು 4,10,13,000 ಬೈಟ್ ಇದೆ ಅಂತಿಟ್ಕೊಳ್ಳಿ. 16 ಬಿಟ್ 44.1 ಅಂತ ಭಾಗಿಸಿದ್ರೆ 7 ನಿಮಿಷ 45 ಸೆಕೆಂಡ್ ಬರುತ್ತೆ, ಜಾಸ್ತಿ ಆಯ್ತು. 24 ಬಿಟ್ 48 ಅಂದ್ರೆ 4 ನಿಮಿಷ 45 ಸೆಕೆಂಡ್, ಹಾಡಿಗಿಂತ ಕಮ್ಮಿ ಆಯ್ತು. 24 ಬಿಟ್ 44.1 ಅಂದ್ರೆ ಕರೆಕ್ಟಾಗಿ 5 ನಿಮಿಷ 10 ಸೆಕೆಂಡ್, ಹಾಡಿನ ಮುಂದೆ ಕೌಂಟು, ಹಿಂದೆ ಒಂಚೂರು ಖಾಲಿ, ಹೊಂದ್ಕೊಳ್ತು. ಆಮೇಲೆ ಅಡಾಸಿಟಿ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಇಂಪೋರ್ಟ್ ಮೆನುಗೆ ಹೋಗಿ ರಾ ಡೇಟಾ ಅಂತ ತಗೊಂಡು ಸೈನ್ಡ್ 24 ಬಿಟ್ ಪಿಸಿಎಂ, ಬಿಗ್ ಎಂಡಿಯನ್, ಮೋನೋ, 44100 ಅಂತ ಕೊಡಿ. ಹಳೇ ಮ್ಯಾಕ್ ಅಂಕಿಯ ದೊಡ್ಡ ಬೈಟನ್ನ ಮೊದಲು ಬರೀತಿತ್ತು, ನಮ್ಮ ಪೀಸಿ ಸಣ್ಣದನ್ನ ಮೊದಲು ಬರೆಯುತ್ತೆ, ಬಿಗ್ ಲಿಟಲ್ ಅಂದ್ರೆ ಇಷ್ಟೇ. ಇದು ತಪ್ಪಿದ್ರೆ ಹಾಡಿನ ಬದಲು ಜೋರು ಮಳೆ ಥರ ಭರ್ ಅಂತ ಕಿವಿ ಕಿತ್ತೋಗೋ ಸದ್ದು ಬರುತ್ತೆ, ಅದಕ್ಕೇ ಮೊದಲು ಸ್ಪೀಕರ್ ವಾಲ್ಯೂಮ್ ಇಳಿಸಿ ಆಮೇಲೆ ಪ್ಲೇ ಒತ್ತಿ, ಟ್ವೀಟರ್ ಸುಟ್ಕೊಂಡವರನ್ನ ನೋಡಿದೀನಿ.

ಸ್ಯಾಂಪಲ್ ರೇಟ್ ತಪ್ಪಾದ್ರೆ ಇನ್ನೊಂದು ಮಜಾ. 48ರಲ್ಲಿ ಆಗಿದ್ದನ್ನ 44.1 ಅಂತ ತೆಗೆದ್ರೆ ಹಾಡು ಬರುತ್ತೆ, ಚೆನ್ನಾಗೇ ಬರುತ್ತೆ, ಆದ್ರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿದಿರುತ್ತೆ, 5 ನಿಮಿಷದ ಹಾಡು ಹತ್ರಹತ್ರ 5 ನಿಮಿಷ 26 ಸೆಕೆಂಡ್ ಆಗುತ್ತೆ. ಹಾಡಿದವರನ್ನ ಕೇಳಿ ಗೊತ್ತಿಲ್ದವರಿಗೆ ಅದು ಪತ್ತೇನೇ ಆಗಲ್ಲ, ಗಂಟಲು ಸ್ವಲ್ಪ ಭಾರ ಇದೆ ಅನ್ಕೋತಾರೆ ಅಷ್ಟೇ. ಸೀಡಿ ಪಕ್ಕದಲ್ಲಿ ಹಾಕಿ ತಂಬೂರಿಗೆ ಶ್ರುತಿ ಹೊಂದುತ್ತಾ ಅಂತ ನೋಡೋದೇ ಇದಕ್ಕೆ ಪರೀಕ್ಷೆ. ಆ ಪೆನ್‌ಡ್ರೈವಲ್ಲಿದ್ದ ಫೈಲಲ್ಲಿ ಹಾಡಿಗೆ ಮುಂಚೆ ಪುಟ ತಿರುಗಿಸೋ ಸದ್ದು, ಒಂದು ಕೆಮ್ಮು, ಆಮೇಲೆ "ಪಲ್ಲವಿ ಇನ್ನೊಂದ್ಸಲ ತಗೊಳ್ಳೋಣ್ವಾ" ಅಂತ ಅವರದ್ದೇ ಮಾತು. ಮಗ ಅದನ್ನ ಕೇಳಿ ಹಾಡು ಆಮೇಲೆ ಕೊಡಿ ಸರ್, ಮೊದಲು ಈ ಮಾತಿನ ತುಂಡು ಫೋನಿಗೆ ಹಾಕ್ಕೊಡಿ ಅಂದ್ರು.

ಆ ಫೋಲ್ಡರ್ ಕಥೆ ಅಲ್ಲಿಗೆ ಮುಗೀಲಿಲ್ಲ ಅನ್ನಿ. ವಾಯ್ಸ್ ಟ್ರ್ಯಾಕ್ ಒಂದೇ ಉದ್ದ ಫೈಲಾಗಿದ್ದ ಹಾಡುಗಳು ಬಂದ್ವು. ತುಂಡು ತುಂಡಾಗಿ ಪಂಚ್ ಮಾಡಿದ ಹಾಡುಗಳಲ್ಲಿ ಬರೀ ಸಾಲುಗಳ ರಾಶಿ, ಯಾವ ಸಾಲು ಎಲ್ಲಿ ಕೂರ್ಬೇಕು ಅನ್ನೋ ಟೈಮ್ ಸ್ಟ್ಯಾಂಪ್ ರಿಸೋರ್ಸ್ ಫೋರ್ಕ್ ಜೊತೆಗೇ ಹೋಗಿದೆ, ಯಾವ ತುಂಡು ಎಲ್ಲಿ ಅಂತ ಬರೆದಿಟ್ಟಿರೋ ಸೆಷನ್ ಫೈಲನ್ನ ಕಾಪಿ ಮಾಡಿದವರು ತಂದಿಲ್ಲ. ಸೀಡಿ ಕೇಳ್ಕೊಂಡು ಒಂದೊಂದೇ ಸಾಲು ಜೋಡಿಸೋದು, ಕೋರಸ್ಸಿಗೆ ಬಂದ್ರೆ ಕಣ್ಣಲ್ಲಿ ನೀರು. ಅದಕ್ಕೇ ಹೇಳೋದು, ಫೈಲ್ ಓಪನ್ ಆಗ್ತಿಲ್ಲ ಅಂತ ಗೊತ್ತಾದ್ಮೇಲೆ ಓಡಾಡೋ ಬದಲು, ಹಳೇ ಮ್ಯಾಕ್ ಇನ್ನೂ ಆನ್ ಆಗೋವಾಗ್ಲೇ ಅದರಲ್ಲೇ ಸೆಷನ್ ತೆಗೆದು ಒಂದೊಂದು ಟ್ರ್ಯಾಕನ್ನೂ ಸೊನ್ನೆಯಿಂದ ಕೊನೇವರೆಗೆ ಕನ್ಸಾಲಿಡೇಟ್ ಮಾಡಿ, ಅಂದ್ರೆ ಒಂದೇ ಉದ್ದ ಫೈಲಾಗಿ ಸೇರಿಸಿ, ವೇವ್ ಫೈಲ್ (ಯಾವ ಕಂಪ್ಯೂಟರಲ್ಲೂ ನಡೆಯೋ ಮಾಮೂಲಿ ಆಡಿಯೋ ಫೈಲ್) ಮಾಡ್ಬಿಡಿ. ಹಂಗೆ ಮಾಡಿದ್ರೆ ಎಲ್ಲಾ ಫೈಲೂ ಒಂದೇ ಜಾಗದಿಂದ ಶುರುವಾಗುತ್ತೆ, ನಾಳೆ ಯಾವ ಸಾಫ್ಟ್‌ವೇರ್ ಬರ್ಲಿ ಹೋಗ್ಲಿ, ಎಲ್ಲಾನೂ ಎಳೆದು ಹಾಕಿದ್ರೆ ತಾನಾಗೇ ಹೊಂದ್ಕೊಳ್ಳುತ್ತೆ. ಸೆಷನ್ ಇಲ್ದೆ ಬರೀ ಎಸ್‌ಡಿಟೂ ಫೈಲ್ ಇದ್ದು, ರಿಸೋರ್ಸ್ ಫೋರ್ಕ್ ಇನ್ನೂ ಅಂಟ್ಕೊಂಡಿದ್ರೆ ಮ್ಯಾಕಿನ ಒಳಗೇ ಎಎಫ್‌ಕನ್ವರ್ಟ್ ಅಂತ ಒಂದು ಟರ್ಮಿನಲ್ ಕಮಾಂಡ್ ಇದೆ, ಒಂದು ಸಾಲು ಟೈಪ್ ಮಾಡಿದ್ರೆ ವೇವ್ ಆಗುತ್ತೆ, ಕಾಸಿಲ್ಲ ಖರ್ಚಿಲ್ಲ.

ಟ್ರ್ಯಾಕ್ ಹೆಸರು ಸರಿಯಾಗಿ ಹಾಕಿ ಅಂತ ಕಾಲಿಗೆ ಬೀಳ್ತೀನಿ. ಆಡಿಯೋ ಒಂದು ಅಂಡರ್‌ಸ್ಕೋರ್ ಸೊನ್ನೆ ಮೂರು ಅಂತ ಸಾಫ್ಟ್‌ವೇರ್ ಕೊಟ್ಟ ಹೆಸರನ್ನೇ ಬಿಟ್ಟಿರ್ತಾರೆ, ಇಪ್ಪತ್ತು ವರ್ಷ ಆದ್ಮೇಲೆ ಅದು ಘಟಂನೋ ಢೋಲಕ್ಕೋ ಕೇಳಿದ್ರೆ ಗೊತ್ತಾಗುತ್ತೆ, ಬಾರಿಸಿದವರು ಯಾರು ಅಂತ ಯಾರನ್ನ ಕೇಳೋಣ? ನಮ್ಮ ಕ್ಯಾಸೆಟ್ ಇನ್ಲೇಗಳಲ್ಲಿ ವಾದ್ಯದವರ ಹೆಸರು ಹಾಕಿದ್ದೇ ಅಪರೂಪ, ಸೆಷನ್ ಫೈಲಿನ ಕಾಮೆಂಟ್ ಡಬ್ಬೀಲೋ ಟ್ರ್ಯಾಕ್ ಶೀಟಲ್ಲೋ ಎಂಜಿನಿಯರ್ ಬರೆದಿದ್ರೆ ಅದೊಂದೇ ದಾಖಲೆ. ಆ ಶೀಟ್ ಇದ್ರೆ ಫೋಟೋ ಹೊಡೆದು ಅದೇ ಫೋಲ್ಡರಲ್ಲಿ ಇಡಿ.

ಇನ್ನೊಂದು ವಿಷಯ, ಸೆಷನ್ನಲ್ಲಿ ಕೇಳೋ ಎಫೆಕ್ಟುಗಳು ಆಡಿಯೋ ಫೈಲಲ್ಲಿ ಇರಲ್ಲ. ಪ್ರೋ ಟೂಲ್ಸಲ್ಲಿ ಎಫೆಕ್ಟ್ ಹಾಕೋ ಸಣ್ಣ ಸಾಫ್ಟ್‌ವೇರುಗಳು, ಅಂದ್ರೆ ಹಳೇ ಟಿಡಿಎಂ ಪ್ಲಗಿನ್‌ಗಳು ಕಂಪ್ಯೂಟರ್ ಒಳಗಿನ ಕಾರ್ಡ್ ಮೇಲೆ ಓಡ್ತಿದ್ವು, 2013ರಲ್ಲಿ ಬಂದ 11ನೇ ವರ್ಷನ್ನಿಂದ ಅವುಕ್ಕೆ ಜಾಗಾನೇ ಇಲ್ಲ. ಮಿಕ್ಸ್ ಮಾಡಿದವರು ಹಾಕಿದ್ದ ರಿವರ್ಬ್, ಡಿಲೇ ಎಲ್ಲಾ ಅಲ್ಲಿಗೆ ಖಲಾಸ್. ಹಂಗಾಗಿ ಎಫೆಕ್ಟ್ ಇಲ್ದಿರೋ ಟ್ರ್ಯಾಕ್ ಒಂದು ಸೆಟ್, ಎಫೆಕ್ಟ್ ಸಮೇತ ಒಂದು ಸೆಟ್, ಪೂರ್ತಿ ಮಿಕ್ಸ್ ಒಂದು, ಇಷ್ಟೂ ತೆಗೀಬೇಕು. ಕೀಬೋರ್ಡ್ ಪ್ರೋಗ್ರಾಮಿಂಗ್ ಬರೀ ಮಿಡಿ ಫೈಲಾಗಿ (ಯಾವ ಕೀ ಯಾವಾಗ ಒತ್ತಿದ್ರು ಅನ್ನೋ ಪಟ್ಟಿಯಾಗಿ) ಉಳಿದಿದ್ರೆ ಅದರಲ್ಲಿ ಸ್ವರ ಇರುತ್ತೆ, ಸೌಂಡ್ ಇರಲ್ಲ, ಆ ಕಾಲದ ಕೀಬೋರ್ಡೋ ಮಾಡ್ಯೂಲೋ ಸಿಕ್ಕಿದ್ರೆ ಕನೆಕ್ಟ್ ಮಾಡಿ ಆಡಿಯೋಗೆ ಇಳಿಸ್ಕೊಳ್ಳಿ.

ಪ್ರೋ ಟೂಲ್ಸ್ ದುಡ್ಡಿದ್ದವರ ಮಾತಾಯ್ತು. ನುಯೆಂಡೋ, ಕ್ಯೂಬೇಸ್, ಕೂಲ್ ಎಡಿಟ್ ಥರದ ಸಾಫ್ಟ್‌ವೇರ್ ಬಳಸ್ತಿದ್ದ ಸಣ್ಣ ಸ್ಟುಡಿಯೋಗಳ ಪಾಡು ಒಂಥರಾ ವಾಸಿ, ಆಡಿಯೋ ಹೆಚ್ಚಾಗಿ ವೇವಲ್ಲೇ ಇರುತ್ತೆ, ಹಳೇ ಪ್ರಾಜೆಕ್ಟ್ ಫೈಲ್ ತೆಗೆಯೋದಷ್ಟೇ ತಲೆನೋವು. ನಿಜವಾದ ಗೋಳು ಇರೋದು ಡಬ್ಬಿ ರೆಕಾರ್ಡರ್‌ಗಳಲ್ಲಿ. 1996ರಲ್ಲಿ ರೋಲ್ಯಾಂಡ್‌ನವರ ವಿಎಸ್ 880 ಬಂತು, ಮಿಕ್ಸರ್ ಹಾರ್ಡ್ ಡಿಸ್ಕ್ ಎಲ್ಲಾ ಒಂದೇ ಪೆಟ್ಟಿಗೇಲಿ, ಆಮೇಲೆ 16 ಟ್ರ್ಯಾಕಿನದ್ದೂ ಬಂತು, ಕಾರಲ್ಲಿ ಹಾಕ್ಕೊಂಡು ಎಲ್ಲಿಗೆ ಬೇಕಾದ್ರೂ ಹೋಗ್ಬಹುದಿತ್ತು, ಒಂದು ರೂಮಲ್ಲಿ ಭಕ್ತಿಗೀತೆ ಆಲ್ಬಮ್ ಮುಗಿಸ್ಬಹುದಿತ್ತು. ಅದರ ಡಿಸ್ಕ್ ಫಾರ್ಮ್ಯಾಟ್ ಅವರದ್ದೇ, ದನಿಯನ್ನ ಒತ್ತಿ ಚಿಕ್ಕದು ಮಾಡೋ ವಿಧಾನಾನೂ ಅವರದ್ದೇ. ಅದರಿಂದ ಬರೆದ ಬ್ಯಾಕಪ್ ಸೀಡಿನ ಆಡಿಯೋ ಸೀಡಿ ಅನ್ಕೊಂಡು ಪ್ಲೇಯರಿಗೆ ಹಾಕಿದ್ರೆ ಏನೂ ಬರಲ್ಲ, ಹಾಳಾಗಿದೆ ಅಂತ ಎಸೀತಾರೆ. ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಸಿಕ್ಕಿಸಿದ್ರೆ ವಿಂಡೋಸ್ ಕೇಳುತ್ತೆ, ಈ ಡಿಸ್ಕ್ ಬಳಸೋಕೆ ಮೊದಲು ಫಾರ್ಮ್ಯಾಟ್ ಮಾಡ್ಬೇಕು, ಮಾಡ್ಲಾ ಅಂತ. ಸಂಪಾದಕರೇ, ಈ ಒಂದು ಕಾರಣಕ್ಕಾದ್ರೂ ಈ ಪತ್ರ ಹಾಕಿ, ಆ ಪ್ರಶ್ನೆ ಬಂದಾಗ ಯಾರೂ ಎಸ್ ಒತ್ಬೇಡಿ. ಹಳೇ ಮ್ಯಾಕ್ ಡಿಸ್ಕ್ ಹಾಕಿದ್ರೂ ವಿಂಡೋಸ್ ಇದೇ ಪ್ರಶ್ನೆ ಕೇಳುತ್ತೆ. ಹೊಸ ಮ್ಯಾಕಾದ್ರೂ ಓದುತ್ತಾ ಅಂದ್ರೆ, ತೀರಾ ಹಳೇ ಎಚ್‌ಎಫ್‌ಎಸ್ ಡಿಸ್ಕನ್ನ 2019ರ ಕ್ಯಾಟಲೀನಾ ಅನ್ನೋ ಓಎಸ್ ಬಂದಾಗಿಂದ ಈಚೆಗೆ ಆಪಲ್‌ನವರ ಕಂಪ್ಯೂಟರೇ ಓದಲ್ಲ, ತಾವೇ ಹೆತ್ತಿದ್ದನ್ನ ತಾವೇ ಗುರುತು ಹಿಡಿಯಲ್ಲ.

ವಿಎಸ್ ಮಷೀನ್ ನಡೀತಿದ್ರೆ ಅದರ ಡಿಜಿಟಲ್ ಔಟಿಂದ ಎರಡೆರಡೇ ಟ್ರ್ಯಾಕ್ ಪ್ಲೇ ಮಾಡ್ತಾ ಕಂಪ್ಯೂಟರಿಗೆ ರೆಕಾರ್ಡ್ ಮಾಡ್ಕೊಳ್ಳೋದೇ ಸುಲಭದ ದಾರಿ, 16 ಟ್ರ್ಯಾಕಿನ 5 ನಿಮಿಷದ ಹಾಡಿಗೆ ಎಂಟು ಸಲ, 40 ನಿಮಿಷ ಆಗುತ್ತೆ, ಬೋರ್ ಹೊಡೆಯುತ್ತೆ, ಆದ್ರೆ ಆಗುತ್ತೆ. ಪ್ರತಿ ಸಲಾನೂ ಹಾಡಿಗೆ ಮುಂಚೆ ಒಂದೇ ಜಾಗದಲ್ಲಿ ಒಂದು ಟಕ್ ಸದ್ದು ಬರೋಹಂಗೆ ಮಾಡ್ಕೊಂಡ್ರೆ ಆಮೇಲೆ ಸಾಲಾಗಿ ನಿಲ್ಸೋದು ಸಲೀಸು. ಅಡಾಟ್ ಟೇಪುಗಳದ್ದೂ ಇದೇ ಪಾಡು, ಸೂಪರ್ ವಿಎಚ್‌ಎಸ್ ಕ್ಯಾಸೆಟ್ ಮೇಲೆ 8 ಟ್ರ್ಯಾಕು, 1992ರ ಹೊತ್ತಿಗೆ ಬಂದಿದ್ದು, ಮೂರು ಮಷೀನ್ ಜೋಡಿಸಿದ್ರೆ 24. ಅದಕ್ಕೆ ಆಪ್ಟಿಕಲ್ ಕೇಬಲ್ ಇದೆ, ಎಂಟೂ ಒಟ್ಟಿಗೆ ಬರುತ್ತೆ, ಮಷೀನಿನ ರಬ್ಬರ್ ಚೆನ್ನಾಗಿದ್ರೆ. ಡ್ಯಾಟ್ ಅನ್ನೋ ಸಣ್ಣ ಡಿಜಿಟಲ್ ಟೇಪಿನ ಬಗ್ಗೆ ಹೇಳೋದೇ ಬೇಡ, ಸೋನಿಯವರು 2005ಕ್ಕೇ ಮಷೀನ್ ಮಾಡೋದು ನಿಲ್ಸಿದ್ರು, ಇರೋ ಹೆಡ್ಡುಗಳು ಸವೀತಾ ಇವೆ. ದಪ್ಪ ಫ್ಲಾಪಿ ಥರದ ಡಿಸ್ಕ್ ಹಾಕೋ ಜಿಪ್ ಡ್ರೈವ್ ಟಕ್ ಟಕ್ ಅಂತ ಬಡ್ಕೊಳ್ಳೋಕೆ ಶುರು ಮಾಡಿದ್ರೆ ಡಿಸ್ಕ್ ತೆಗೀರಿ, ಇನ್ನೊಂದು ಡಿಸ್ಕ್ ಹಾಕಿ ಟೆಸ್ಟ್ ಮಾಡೋಕೆ ಹೋಗಿ ಅದನ್ನೂ ಕಳ್ಕೋಬೇಡಿ.

ಯಾವುದಕ್ಕೆ ಬದಲಾಯಿಸ್ಬೇಕು ಅನ್ನೋದ್ರಲ್ಲಿ ಗೊಂದಲ ಬೇಡ. ವೇವ್, ಅದರಲ್ಲೂ ಬ್ರಾಡ್‌ಕಾಸ್ಟ್ ವೇವ್. ವೇವ್ 1991ರಿಂದ ಇದೆ, ಮೈಕ್ರೋಸಾಫ್ಟ್ ಐಬಿಎಂ ಸೇರಿ ಮಾಡಿದ್ದು, 1997ರಲ್ಲಿ ಯುರೋಪಿನ ರೇಡಿಯೋದವರ ಒಕ್ಕೂಟ ಅದಕ್ಕೇ ಯಾರು ಮಾಡಿದ್ರು, ಯಾವತ್ತು, ಯಾವ ಟೈಮಿಂದ ಶುರು ಅನ್ನೋ ಮಾಹಿತಿ ಸೇರಿಸೋ ಜಾಗ ಕೊಟ್ಟು ಬ್ರಾಡ್‌ಕಾಸ್ಟ್ ವೇವ್ ಅಂತ ಮಾಡ್ತು. ಎಸ್‌ಡಿಟೂನಲ್ಲಿ ಉದುರಿ ಹೋಗ್ತಿದ್ದ ಮಾಹಿತಿ ಇಲ್ಲಿ ಫೈಲಿನ ಹೊಟ್ಟೇಲೇ ಇರುತ್ತೆ, ಯಾವ ಡಿಸ್ಕಿಗೆ ಹಾಕಿದ್ರೂ ಜೊತೆಗೇ ಹೋಗುತ್ತೆ. ಜಾಗ ಉಳಿಸ್ಬೇಕು ಅಂದ್ರೆ ಫ್ಲಾಕ್ ಮಾಡಿ, ಒಂದು ಬಿಟ್ಟೂ ಕಳೆಯಲ್ಲ, ಅದರ ವಿವರ ಯಾರು ಬೇಕಾದ್ರೂ ಓದೋಹಂಗೆ ಬಹಿರಂಗವಾಗಿದೆ. ಎಂಪಿತ್ರೀ ಮಾತ್ರ ಬೇಡ, ಅದು ವಾಟ್ಸಾಪಲ್ಲಿ ಕಳಿಸೋಕೆ. ಇನ್ನು ಕೆಲವರು ಉತ್ಸಾಹದಲ್ಲಿ 44.1ರ ಫೈಲನ್ನ 96 ಮಾಡಿ ಹೈ ಕ್ವಾಲಿಟಿ ಮಾಡಿದ್ವಿ ಅಂತಾರೆ, ಫೈಲ್ ದಪ್ಪ ಆಗುತ್ತೆ ಅಷ್ಟೇ, ರೆಕಾರ್ಡ್ ಆಗದೇ ಇದ್ದಿದ್ದು ಎಲ್ಲಿಂದ ಬರ್ಬೇಕು? 96 ಕೇಳೋದು ಸ್ಪೂಲು, ಪ್ಲೇಟಿಂದ ಇಳಿಸ್ಕೊಳ್ಳೋವಾಗ. ಹುಟ್ಟಿದಾಗ್ಲೇ ಡಿಜಿಟಲ್ ಆಗಿದ್ದನ್ನ ಹುಟ್ಟಿದ ರೇಟಲ್ಲೇ ಇಡ್ಬೇಕು. ಕರಾವಳಿ ಕಡೆಯವರಿಗೆ ಒಂದು ಮಾತು, ವೇವ್ ಫೈಲ್ 4 ಜಿಬಿ ದಾಟಲ್ಲ, 24 ಬಿಟ್ 48ರ ಸ್ಟೀರಿಯೋ ಆದ್ರೆ 4 ಗಂಟೆ ಮೇಲೆ ಸ್ವಲ್ಪಕ್ಕೇ ಅದು ತುಂಬುತ್ತೆ, ಇಡೀ ರಾತ್ರಿ ಯಕ್ಷಗಾನದ ಆಟ ಒಂದೇ ಫೈಲಲ್ಲಿ ಕೂರಲ್ಲ. ಅದಕ್ಕೆ ಆರ್‌ಎಫ್ 64 ಅನ್ನೋ ವೇವಿನದೇ ದೊಡ್ಡ ರೂಪ ಇದೆ, ಇಲ್ಲಾ ಪ್ರಸಂಗದ ಮಧ್ಯೆ ಒಂದು ಜಾಗ ನೋಡಿ ಕತ್ತರಿಸಿ.

ಬದಲಾಯಿಸಿದ್ದು ಸರಿಯಾಗಿದೆಯಾ ಅಂತ ನೋಡೋಕೆ ಒಂದು ಹಳೇ ಸ್ಟುಡಿಯೋ ಉಪಾಯ. ಹಳೇ ಮಷೀನಿಂದ ಡಿಜಿಟಲ್ ಔಟಲ್ಲಿ ಬಂದ ದನಿಯನ್ನೂ ಕನ್ವರ್ಟ್ ಆದ ಫೈಲನ್ನೂ ಪಕ್ಕಪಕ್ಕ ಇಟ್ಟು ಒಂದರ ಫೇಸ್ ಉಲ್ಟಾ ಮಾಡಿ (ದನಿಯ ಅಲೆ ಮೇಲಿದ್ದಿದ್ದು ಕೆಳಗೆ, ಕೆಳಗಿದ್ದಿದ್ದು ಮೇಲೆ) ಎರಡನ್ನೂ ಒಟ್ಟಿಗೆ ಪ್ಲೇ ಮಾಡಿ. ಎರಡೂ ಒಂದೇ ಆಗಿದ್ರೆ ಏನೂ ಕೇಳ್ಬಾರ್ದು, ಮೀಟರ್ ಅಲ್ಲಾಡ್ಬಾರ್ದು. ಏನಾದ್ರೂ ಚೂರು ಕೇಳಿದ್ರೆ ಎಲ್ಲೋ ಬಿಟ್ ಹೋಗಿದೆ ಅಂತ ಅರ್ಥ, ಡಿತರ್ (ಬಿಟ್ ಕಮ್ಮಿ ಮಾಡೋವಾಗ ಬೇಕಂತಲೇ ಸೇರಿಸೋ ಸಣ್ಣ ಸದ್ದು) ಹಾಕಿದ್ದಾರೋ ವಾಲ್ಯೂಮ್ ಮುಟ್ಟಿದ್ದಾರೋ ಹುಡುಕಿ.

ಖರ್ಚಿನ ಮಾತು ಯಾವಾಗ್ಲೂ ಬರುತ್ತೆ. 24 ಬಿಟ್ 48ರ ಮೋನೋ ಟ್ರ್ಯಾಕ್ ನಿಮಿಷಕ್ಕೆ 8.64 ಎಂಬಿ, 24 ಟ್ರ್ಯಾಕಿನ 5 ನಿಮಿಷದ ಹಾಡು ಹೆಚ್ಚುಕಮ್ಮಿ 1 ಜಿಬಿ, ಹತ್ತು ಹಾಡಿನ ಆಲ್ಬಮ್ 10 ಜಿಬಿ ಮೇಲೆ ಸ್ವಲ್ಪ. 1 ಟಿಬಿ ಡಿಸ್ಕಲ್ಲಿ ಅಂಥ ತೊಂಬತ್ತು ಆಲ್ಬಮ್ ಆರಾಮಾಗಿ ಹಿಡಿಸುತ್ತೆ, ಎರಡು ಡಿಸ್ಕ್ ತಗೊಂಡು ಎರಡು ಊರಲ್ಲಿ ಇಟ್ರೂ ಒಂದು ಆಡಿಯೋ ರಿಲೀಸ್ ಫಂಕ್ಷನ್ನಿನ ಹೂವಿನ ಹಾರದ ಖರ್ಚಲ್ಲಿ ಆಗುತ್ತೆ. ದುಬಾರಿ ಬೀಳೋದು ಡಿಸ್ಕಲ್ಲ, ಕೂತು ಮಾಡೋ ಮನುಷ್ಯ. ಹಳೇ ಮಷೀನ್ ಬಳಸಿ ಗೊತ್ತಿರೋ ಎಂಜಿನಿಯರುಗಳು ಈಗ ಅರವತ್ತರ ಆಸುಪಾಸು, ಅವರು ಇರೋವಾಗ ಮಾಡಿಸ್ಕೊಂಡ್ರೆ ಉಂಟು.

ಹಕ್ಕಿನ ವಿಷಯದಲ್ಲೂ ಒಂದು ವಿಚಿತ್ರ ಇದೆ. ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ ಧ್ವನಿಮುದ್ರಣದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ, ಅಂದ್ರೆ 1998ರಲ್ಲಿ ಬಂದ ಆಲ್ಬಮ್ ಮೇಲೆ 2058ರ ಕೊನೇವರೆಗೂ ಹಕ್ಕಿರುತ್ತೆ. ಹಕ್ಕು ಯಾರದ್ದು, ದುಡ್ಡು ಹಾಕಿ ಮಾಡಿಸಿದವರದ್ದು. ಫೈಲ್ ಎಲ್ಲಿದೆ, ಸ್ಟುಡಿಯೋದವರ ಹತ್ರ. ಹಕ್ಕಿರೋರಿಗೆ ಫೈಲ್ ಎಲ್ಲಿದೆ ಗೊತ್ತಿಲ್ಲ, ಫೈಲ್ ಇರೋರು ನಾವ್ಯಾಕೆ ಮುಟ್ಟೋಣ ನಾಳೆ ಕೇಸ್ ಗೀಸ್ ಆದ್ರೆ ಅಂತ ಸುಮ್ನಿರ್ತಾರೆ, ಇಬ್ಬರ ಮಧ್ಯೆ ಡಿಸ್ಕ್ ತುಕ್ಕು ಹಿಡಿಯುತ್ತೆ. ಮ್ಯೂಸಿಕ್ ಕಂಪನಿಯವರೂ ಸಿನಿಮಾ ನಿರ್ಮಾಪಕರೂ ತಮ್ಮ ಹಳೇ ಅಗ್ರಿಮೆಂಟ್ ತೆಗೆದು ಯಾವ್ಯಾವ ಸ್ಟುಡಿಯೋದಲ್ಲಿ ಆಗಿತ್ತು ಅಂತ ಪಟ್ಟಿ ಮಾಡಿ, ಒಂದು ಪತ್ರ ಬರೆದು ಕನ್ವರ್ಟ್ ಮಾಡಿ ಕೊಡಿ, ಮಾಡಿದ್ದಕ್ಕೆ ಚಾರ್ಜ್ ಕೊಡ್ತೀವಿ ಅಂದ್ರೆ ಅರ್ಧ ಕೆಲಸ ಆದಂಗೆ. ಹೊಸದಾಗಿ ಮಾಡಿಸೋ ಕೆಲಸಕ್ಕಾದ್ರೂ ಅಗ್ರಿಮೆಂಟಲ್ಲಿ ಒಂದು ಸಾಲು ಸೇರಿಸಿ, ಮಿಕ್ಸ್ ಮುಗಿದ್ಮೇಲೆ ಬಿಡಿ ಟ್ರ್ಯಾಕುಗಳನ್ನ ಬ್ರಾಡ್‌ಕಾಸ್ಟ್ ವೇವಲ್ಲಿ ಕೊಟ್ಟರೇನೇ ಕೊನೇ ಕಂತು ಅಂತ.

ಸರ್ಕಾರದ ಕಡೆ ಹೇಳೋದಾದ್ರೆ, ಸಂಗೀತ ನೃತ್ಯ ಅಕಾಡೆಮಿ, ಜಾನಪದ ಅಕಾಡೆಮಿ, ಯಕ್ಷಗಾನ ಅಕಾಡೆಮಿ ಇವೆ, ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ. ಇವರೆಲ್ಲ ಎಲ್ಲಾನೂ ಕೊಂಡು ಮ್ಯೂಸಿಯಂ ಮಾಡ್ಬೇಕು ಅಂತ ನಾನು ಕೇಳ್ತಿಲ್ಲ. ಬೆಂಗಳೂರಲ್ಲಿ ಒಂದು, ಮಂಗಳೂರೋ ಉಡುಪಿನೋ ಒಂದು ಕಡೆ, ಹುಬ್ಬಳ್ಳಿ ಧಾರವಾಡದ ಕಡೆ ಒಂದು, ಹಳೇ ಮ್ಯಾಕು, ಒಂದೊಂದು ಅಡಾಟು, ಡ್ಯಾಟು, ವಿಎಸ್, ಸ್ಕಸಿ ಕೇಬಲ್ಲು ಇಟ್ಕೊಂಡ ಒಂದು ರೂಮು, ಅದು ಗೊತ್ತಿರೋ ಒಬ್ಬರಿಗೆ ಸಂಬಳ, ಜೊತೆಗೆ ಕಲಿಯೋಕೆ ಇಬ್ಬರು ಹುಡುಗರು, ಇಷ್ಟು ಸಾಕು. ಸ್ಟುಡಿಯೋದವರು ಡಿಸ್ಕ್ ತಂದು ಕೊಡ್ಲಿ, ವೇವ್ ಮಾಡಿಸ್ಕೊಂಡು ವಾಪಸ್ ಹೋಗ್ಲಿ, ಒಂದು ಕಾಪಿ ಅಲ್ಲಿ ಬೀಗ ಹಾಕಿ ಇರ್ಲಿ, ಹಕ್ಕಿನ ಪ್ರಶ್ನೆ ಹಕ್ಕಿನವರೇ ನೋಡ್ಕೊಳ್ಳಲಿ. ಗುರುಗ್ರಾಮದಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನವರು 1982ರಲ್ಲಿ ಶುರುವಾದ ಸಂಗೀತದ ಧ್ವನಿಮುದ್ರಣಗಳ ಭಂಡಾರ ನಡೆಸ್ತಿದ್ದಾರೆ, ಹೆಂಗೆ ಮಾಡ್ಬೇಕು ಅಂತ ಕೇಳೋಕೆ ನಮ್ಮ ದೇಶದಲ್ಲೇ ಜನ ಇದ್ದಾರೆ. ಟೆಂಡರ್ ಕರೆದ್ರೆ ಮಾತ್ರ ಬರೀ ಡಿಜಿಟಲೀಕರಣ ಅಂತ ಹಾಕಿ ಬಿಡ್ಬೇಡಿ, ಯಾವ ಫಾರ್ಮ್ಯಾಟು, ಎಷ್ಟು ಬಿಟ್ಟು, ಬಿಡಿ ಟ್ರ್ಯಾಕ್ ಬೇಕೋ ಬೇಡ್ವೋ ಬರೀರಿ, ಇಲ್ದಿದ್ರೆ ಎಲ್ಲಾನೂ ಎಂಪಿತ್ರೀ ಮಾಡಿ ಒಂದು ಪೆನ್‌ಡ್ರೈವ್ ಕೊಟ್ಟು ಬಿಲ್ ಪಾಸ್ ಮಾಡಿಸ್ಕೊಂಡು ಹೋಗ್ತಾರೆ.

ಅಲ್ಲೀವರೆಗೆ ಗೋಡೌನಲ್ಲಿ ಹಳೇ ನೀಲಿ ಬಿಳಿ ಜಿ3, ಬೂದಿ ಬಣ್ಣದ ಜಿ4 ಮ್ಯಾಕ್ ಇಟ್ಕೊಂಡಿರೋ ಸ್ಟುಡಿಯೋದವರು ದಯವಿಟ್ಟು ಗುಜರಿಗೆ ಹಾಕ್ಬೇಡಿ, ಒಳಗಿನ ಕಾರ್ಡನ್ನೂ ಡಾಂಗಲ್ಲನ್ನೂ ಬೇರೆ ಬೇರೆ ಮಾರ್ಬೇಡಿ. ಈ ವಾರಾನೇ ಮುಚ್ಚಳ ತೆಗೆದು ಮದರ್‌ಬೋರ್ಡ್ ಮೇಲಿರೋ ಬೆರಳುದ್ದಕ್ಕಿಂತ ಚಿಕ್ಕದಾದ 3.6 ವೋಲ್ಟ್ ಬ್ಯಾಟರಿ ಕಿತ್ತು ಹಾಕಿ, ಅದು ಸೋರಿದ್ರೆ ಬೋರ್ಡೇ ಹೋಗುತ್ತೆ, ಬೇಕಾದಾಗ ಹೊಸದು ಹಾಕ್ಕೋಬಹುದು.

ಇಂತಿ,
ಒಬ್ಬ ಹಳೇ ರೆಕಾರ್ಡಿಸ್ಟ್, ಬೆಂಗಳೂರು